ಹೆದರಿಕೆಗೆ ಫಾರ್ಮ್ ಇಲ್ಲ

ಅವರ ಎರಡೂ ಕೈಗಳ ಹೆಬ್ಬೆರಳು ಎಂದೂ ಸುಮ್ಮನಿರುತ್ತಿರಲಿಲ್ಲ. ಬೈಲಹೊಂಗಲದ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಹತ್ತಿ ಪರೀಕ್ಷೆ ಮಾಡಿದ ಬೆರಳುಗಳವು. ಗಾಡಿಯಿಂದ ಒಂದು ಚಿಟಿಕೆ ಹತ್ತಿ ಕಿತ್ತು, ಎರಡು ಹೆಬ್ಬೆರಳುಗಳ ನಡುವೆ ಹಿಡಿದು, ಮೆಲ್ಲಗೆ ಜಗ್ಗಿ, ಎಳೆಯ ಉದ್ದ ಎಷ್ಟು, ತಾಕತ್ತು ಎಷ್ಟು ಎಂದು ಹೇಳುವುದು ಅವರ ನೌಕರಿಯಾಗಿತ್ತು. ನೌಕರಿ ಮುಗಿದ ಸುದ್ದಿ ಬೆರಳುಗಳಿಗೆ ಮುಟ್ಟಿರಲಿಲ್ಲ. ಮಾತಾಡುವಾಗ, ಚಹಾ ಆರಲೆಂದು ಕಾಯುವಾಗ, ಮಠದಲ್ಲಿ ಪುರಾಣ ಕೇಳುವಾಗ ಇಲ್ಲದ ಹತ್ತಿಯನ್ನು ಜಗ್ಗುತ್ತಲೇ ಇರುತ್ತಿದ್ದವು. ಅವರ ಹೆಂಡತಿ ಕಾಕಿ ರೊಟ್ಟಿ ಬಡಿದು ಬುಟ್ಟಿಗೆ ಹಾಕಿದರೆ ಅದನ್ನೂ ಅಂಚು ಹಿಡಿದು ಒಮ್ಮೆ ಜಗ್ಗಿ ನೋಡುತ್ತಿದ್ದರು. ನಾಳೆಯಿಂದ ಹತ್ತಿಯನ್ನೇ ತಟ್ಟೆಗೆ ಬಡಿಸುತ್ತೇನೆಂದು ಕಾಕಿ ಹೇಳಿದ ಮೇಲೆ ಅದೊಂದನ್ನು ಬಿಟ್ಟರು.

ಊರಿಗೆಲ್ಲ ಅವರು ಏಜೆಂಟ್ ಕಾಕಾ. ನಿವೃತ್ತಿಯಾದ ಮೇಲೆ ಅಂಚೆ ಕಚೇರಿಯ ಉಳಿತಾಯ ಪತ್ರ, ಸರ್ಕಾರಿ ಬಾಂಡು, ಮ್ಯೂಚುವಲ್ ಫಂಡು ಎಲ್ಲದಕ್ಕೂ ಏಜೆನ್ಸಿ ಹಿಡಿದಿದ್ದರು. ತೊಂಬತ್ತರ ದಶಕದ ನಡುವಿನ ಮಾತು. ಆಗ ನಮ್ಮ ಕಡೆ ದುಡ್ಡು ಉಳಿದರೆ ಬಂಗಾರ, ಅದಕ್ಕೂ ಮೇಲೆ ಉಳಿದರೆ ಹೊಲ. ಮ್ಯೂಚುವಲ್ ಫಂಡ್ ಎಂದರೆ ಏನೆಂದು ಸಂಗೊಳ್ಳಿಯ ರೈತರಿಂದ ಸವದತ್ತಿಯ ವ್ಯಾಪಾರಿಗಳವರೆಗೆ ಕಾಕಾ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನೂರಾರು ಮಂದಿಯ ದುಡ್ಡು ಒಂದು ಕಡೆ ಕೂಡಿಸಿ, ತಿಳಿದವನೊಬ್ಬ ಹತ್ತಾರು ಕಂಪನಿಗಳ ಷೇರು ಕೊಳ್ಳುತ್ತಾನೆ. ಏರಿದರೆ ಎಲ್ಲರದೂ ಏರುತ್ತದೆ, ಇಳಿದರೆ ಎಲ್ಲರದೂ ಇಳಿಯುತ್ತದೆ. ಬಾಂಡ್ ಹಾಗಲ್ಲ, ಅದು ಸರಕಾರಕ್ಕೆ ನೀವು ಕೊಡುವ ಕೈಗಡ. ಹೇಳಿದ ಬಡ್ಡಿ, ಹೇಳಿದ ದಿನಕ್ಕೆ ಅಸಲು. ಇಷ್ಟು ಹೇಳಿ, ಕೂರಲು ಬಾಕಿನ ಕಡೆ ಕೈ ತೋರಿಸುತ್ತಿದ್ದರು.

ಆ ಬಾಕಿನ ಬಗ್ಗೆ ಹೇಳದೆ ಕಾಕಾನ ಬಗ್ಗೆ ಹೇಳಲಾಗದು. ಅವರ ಪಡಸಾಲೆಯಲ್ಲಿ ಮೂರು ಜನ ಕೂರುವಂಥ ಹಳೆಯ ಸಾಗವಾನಿ ಬಾಕು, ಅಂದರೆ ಬೆಂಚು, ಇತ್ತು. ಮೇಲೆ ಕಾಕಿ ಹೊಲಿದ ಕೌದಿ. ಅದರ ಅಂಚು ನೆಲಕ್ಕೆ ತಾಗುವಷ್ಟು ಇಳಿಬಿದ್ದಿರುತ್ತಿತ್ತು. ದುಡ್ಡು ಹಾಕಲು ಬಂದವರನ್ನು ಕಾಕಾ ಅದರ ಮೇಲೆ ಕೂರಿಸಿ, 'ಕುಂದರ್ರಿ, ಬಂದೆ' ಎಂದು ಒಳಗೆ ಹೋಗುತ್ತಿದ್ದರು. ಬರುತ್ತಿರಲಿಲ್ಲ. ಅಡುಗೆಮನೆಯ ಪರದೆಯ ಸಂದಿಯಿಂದ ನೋಡುತ್ತ ನಿಲ್ಲುತ್ತಿದ್ದರು. ಹತ್ತು ನಿಮಿಷದಲ್ಲಿ ಎದ್ದು ಬಾಗಿಲಿಗೆ ಹೋಗಿ ಬಂದವನಿಗೆ ಅಂಚೆ ಕಚೇರಿ, ಇಲ್ಲವೇ ಬಾಂಡು. ಹಳೆಯ ಪೇಪರ್ ಹುಡುಕಿಕೊಂಡು ಓದುತ್ತ ಕುಳಿತವನಿಗೆ ಅದರಲ್ಲಿ ಸ್ವಲ್ಪ, ಇದರಲ್ಲಿ ಸ್ವಲ್ಪ. ಗೋಡೆಗೆ ಒರಗಿ ನಿದ್ದೆ ಹೋದವನಿಗೆ ಮಾತ್ರ ಷೇರಿನ ಮ್ಯೂಚುವಲ್ ಫಂಡು. ದುಡ್ಡು ಇಳಿದಾಗ ಸುಮ್ಮನಿರುವ ತಾಕತ್ತು ಯಾರಿಗಿದೆ ಎಂದು ಫಾರ್ಮಿನಲ್ಲಿ ಕೇಳಿದರೆ ಎಲ್ಲರೂ ತಮಗಿದೆ ಎಂದೇ ಬರೆಯುತ್ತಾರೆ, ಆದರೆ ಮೈ ಸುಳ್ಳು ಹೇಳುವುದಿಲ್ಲ ಎಂಬುದು ಅವರ ವಾದ. ಗಂಡಸರ ಮುಂದೆ ಅವರು ಮೈ ಎನ್ನುತ್ತಿರಲಿಲ್ಲ, ಬಾಕಿಗೆ ಹತ್ತುವ ಭಾಗವನ್ನೇ ಹೆಸರಿಸುತ್ತಿದ್ದರು. ನಾನು ಟೀಚರ್, ಅದಕ್ಕೇ ಇಲ್ಲಿ ಮೈ ಎಂದು ತಿದ್ದಿದ್ದೇನೆ.

ಈ ಪದ್ಧತಿಯಲ್ಲಿ ತಪ್ಪೂ ಆಗುತ್ತಿತ್ತು. ಪೇಟೆಯ ಟೇಲರ್ ಒಬ್ಬ ಕೂತ ಕೂಡಲೇ ತೂಕಡಿಸಿದನೆಂದು ಫಂಡು ಕೊಟ್ಟರು. ಅವನಿಗೆ ಇದ್ದದ್ದು ತಾಳ್ಮೆಯಲ್ಲ, ರಕ್ತ ಕಡಿಮೆ. ಟಾನಿಕ್ ಕುಡಿದು ಗಟ್ಟಿಯಾದ ಮೇಲೆ, ಫಂಡು ಇಳಿಯಿತೆಂದು ದಿನಾ ಬಂದು ಗಂಟಲು ಹರಿದುಕೊಂಡ. ಕಾಕಾ ದುಡ್ಡು ವಾಪಸು ಕೊಡಿಸಿ, ಮೇಲೆ ಒಂದು ಚೀಲ ಶೇಂಗಾ ಕೊಟ್ಟು ಕೈಮುಗಿದರು. ಇನ್ನೊಬ್ಬರು ಕಿತ್ತೂರಿನ ಲಾರಿ ಡ್ರೈವರ್ ಸಾಹೇಬರು. ಪುಣೆಯಿಂದ ಹಗಲೂ ರಾತ್ರಿ ಗಾಡಿ ಹೊಡೆದು ನೇರ ಇಲ್ಲಿಗೆ ಬಂದವರು ಬಾಕಿನ ಮೇಲೆ ಉದ್ದಕ್ಕೆ ಮಲಗಿ ಗೊರಕೆ ಹೊಡೆದರು. ಅದು ದಣಿವಿನ ನಿದ್ದೆ, ಲೆಕ್ಕಕ್ಕಿಲ್ಲ ಎಂದು ಕಾಕಿ ಹೇಳಿದರೆ, ನಿದ್ದೆ ನಿದ್ದೆಯೇ ಎಂದು ಕಾಕಾ ಅವರನ್ನೂ ಫಂಡಿಗೆ ಸೇರಿಸಿದರು. ಈ ಸಾಹೇಬರು ಮುಂದೆ ಮತ್ತೆ ಬರುತ್ತಾರೆ.

ಇನ್ನು ನನ್ನ ಕತೆ. ನಾನು ಆ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ, ಕಾಕಾನ ಓಣಿಯಲ್ಲೇ ಬಾಡಿಗೆಗಿದ್ದೆ. ಮದುವೆಯಾಗಿರಲಿಲ್ಲ, ಅದರ ಕಾರಣ ನನ್ನ ಬಾಯಿ ಎಂದು ನಮ್ಮವ್ವ ಹೇಳುತ್ತಿದ್ದಳು. ರಾಮದುರ್ಗಕ್ಕೆ ಕೊಟ್ಟಿದ್ದ ನನ್ನ ತಂಗಿ ಯರಗಟ್ಟಿಯ ಹತ್ತಿರ ಒಂದು ಅಪಘಾತದಲ್ಲಿ ತೀರಿಕೊಂಡಳು. ಹಿಂದೆ ನಾಲ್ಕು ವರ್ಷದ ಮಗಳು ಉಳಿದಳು. ವರ್ಷ ಕಳೆದ ಮೇಲೆ ತಂಗಿಯ ಗಂಡ ಇನ್ನೊಂದು ಮದುವೆ ಮಾಡಿಕೊಂಡ. ಕೆಟ್ಟವನಲ್ಲ ಅವನು. ಒಂದು ಭಾನುವಾರ ಹುಡುಗಿಯನ್ನೂ ಅವಳ ಬಟ್ಟೆಯ ಚೀಲವನ್ನೂ ನನ್ನ ಮನೆಗೆ ತಂದು ಬಿಟ್ಟ. ಮಡಿಚಿದ ಲಂಗಗಳ ಮೇಲೆ ಒಂದು ಲಕೋಟೆ ಇತ್ತು. ಅದರೊಳಗೆ ತಂಗಿಯ ಸಾವಿನ ಪರಿಹಾರದ ಚೆಕ್ಕು.

"ಇದು ಅಕಿದು," ಎಂದ. "ನನ್ನ ಮನ್ಯಾಗ ಇದ್ರ ಕರಗಿ ಹೋಕ್ಕೈತ್ರಿ."

ಆ ಚೆಕ್ಕು ಬ್ಯಾಂಕಿಗೆ ಹೋಯಿತು, ನನ್ನ ನಿದ್ದೆ ಅದರ ಹಿಂದೆಯೇ ಹೋಯಿತು. ನನ್ನ ದುಡ್ಡಾಗಿದ್ದರೆ ಬಂದರೆ ಬಂತು, ಹೋದರೆ ಹೋಯಿತು ಎನ್ನಬಹುದಿತ್ತು. ಇದು ನನ್ನ ತಂಗಿಯ ಜೀವದ ಬದಲು ಬಂದದ್ದು, ಅವಳ ಮಗಳ ಓದಿಗೆ ಮುಟ್ಟಬೇಕಾದದ್ದು. ಬ್ಯಾಂಕಿನಲ್ಲೇ ಇಟ್ಟರೆ ಹುಡುಗಿ ಕಾಲೇಜಿಗೆ ಹೋಗುವ ಹೊತ್ತಿಗೆ ಬಸ್ ಪಾಸಿಗೂ ಸಾಲದು ಎಂದು ಸ್ಟಾಫ್ ರೂಮಿನಲ್ಲಿ ಹೆದರಿಸಿದರು. ಎಲ್ಲಾದರೂ ಹಾಕಿ ಮುಳುಗಿದರೆ ನನ್ನ ತಂಗಿಗೆ ನಾನು ಏನು ಹೇಳಲಿ?

ನಮ್ಮ ಡ್ರಿಲ್ ಮಾಸ್ತರರ ಬಳಿ ಉತ್ತರ ಸಿದ್ಧವಿತ್ತು. ಆಗ ಊರೂರಿಗೆ ಸಾಗವಾನಿ ಕಂಪನಿಗಳ ಮಂದಿ ಬರುತ್ತಿದ್ದರು. ಒಂದು ಸಸಿಗೆ ಇಷ್ಟು ಎಂದು ಕೊಟ್ಟರೆ ಸಾಕು, ನೆಟ್ಟು ನೀರು ಹಾಕುವುದು ಅವರ ಕೆಲಸ. ಮರ ದೊಡ್ಡದಾದ ಮೇಲೆ ಹಾಕಿದ ದುಡ್ಡಿನ ಹತ್ತು ಪಟ್ಟು ನಿಮ್ಮ ಕೈಗೆ. ಜೊತೆಗೆ ಬಣ್ಣದ ಕ್ಯಾಲೆಂಡರು. ಮಾಸ್ತರರು ಐದು ಸಸಿ ಕೊಂಡಿದ್ದರು, ನನಗೂ ಕೊಳ್ಳಲು ಹೇಳಿದರು. ಸಹಿ ಹಾಕುವ ಮೊದಲು ಯಾರನ್ನಾದರೂ ಕೇಳೋಣವೆಂದು ಕಾಕಾನ ಮನೆಗೆ ಹೋದೆ.

ಬಾಕಿನ ಗುಟ್ಟು ಆಗ ನನಗೆ ಗೊತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ನಾಲ್ಕು ಸಲ ಎದ್ದೆನಂತೆ. ಒಮ್ಮೆ ಗಡಿಯಾರ ನೋಡಿದೆ, ಒಮ್ಮೆ ಗೋಡೆಯ ಮೇಲಿನ ಬಸವಣ್ಣನ ಪಟ ಸರಿಮಾಡಿದೆ, ಎರಡು ಸಲ ಸುಮ್ಮನೆ ಎದ್ದು ಕೂತೆ. ಕಾಕಾ ಹೊರಗೆ ಬಂದವರೇ ನನ್ನ ಕೈಯಲ್ಲಿದ್ದ ಸಾಗವಾನಿಯ ಕಾಗದ ತೆಗೆದುಕೊಂಡು ಎರಡು ಹೆಬ್ಬೆರಳಲ್ಲಿ ಜಗ್ಗಿದರು. ಅದು ಪರ್ ಎಂದು ಹರಿಯಿತು. ಬೇಕೆಂದೇ ಹರಿದರೋ, ಬೆರಳಿನ ಚಟವೋ ಇವತ್ತಿಗೂ ಗೊತ್ತಿಲ್ಲ.

"ಹತ್ತು ಪಟ್ಟು ಕೊಡತೇನಿ ಅನ್ನಾವಂಗ ಒಂದ ಮಾತ ಕೇಳ್ರಿ ಅಕ್ಕಾರ," ಎಂದರು. "ಬ್ಯಾಂಕಿನಾಗ ಇದಕ್ಕಿಂತ ಸೋವಿ ಬಡ್ಡಿಗೆ ಸಾಲ ಸಿಗತೈತಿ. ಅದನ್ನ ಬಿಟ್ಟ ನನ್ನ ಮನಿ ಬಾಗಲಿಗೆ ಯಾಕ ಬಂದಿ, ಅಂತ."

ಕೇಳಿದೆ. ಸಾಗವಾನಿಯವನು ನಕ್ಕು ಕ್ಯಾಲೆಂಡರು ವಾಪಸು ತೆಗೆದುಕೊಂಡು ಹೋದ. ಡ್ರಿಲ್ ಮಾಸ್ತರರು ಎರಡು ವರ್ಷ ಕಳೆದ ಮೇಲೆ ಒಂದು ದಿನ ರಜೆ ಹಾಕಿ, ಹೆಂಡತಿಗೆ ಬುತ್ತಿ ಕಟ್ಟಿಸಿಕೊಂಡು, ಮೂರು ಬಸ್ಸು ಬದಲಿಸಿ ತಮ್ಮ ಮರಗಳನ್ನು ನೋಡಲು ಹೋದರು. ಅವರ ನಂಬರಿನ ತಗಡು ಒಂದು ಜಾಲಿ ಗಿಡಕ್ಕೆ ನೇತಾಡುತ್ತಿತ್ತಂತೆ. ಅದರ ನೆರಳಿನಲ್ಲೇ ಬುತ್ತಿ ಉಂಡು ಬಂದರು. ಆಮೇಲೆ ಮಕ್ಕಳಿಗೆ ಡ್ರಿಲ್ ಹೇಳಿಕೊಡುವಾಗ ಅವರ ಧ್ವನಿಯೇ ಇಳಿದುಹೋಗಿತ್ತು.

ಅಂದು ಕಾಕಾ ನನ್ನ ದುಡ್ಡನ್ನೂ ಒಮ್ಮೆಗೇ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಎಷ್ಟು ತಿಂಗಳ ಜೋಳವಿದೆ ಎಂದು ಕೇಳಿದರು. ಒಂದು ತಿಂಗಳದು ಎಂದೆ. ಹೋಗಿ ಮೊದಲು ವರ್ಷದ ಜೋಳ ತುಂಬಿಕೊಂಡು ಬನ್ನಿ, ಜೋಳ ಮುಗಿದವರು ಬಾಂಡು ಮುರಿಯಲು ಬರುತ್ತಾರೆ ಎಂದರು. ಹೂಡಿಕೆ ಮಾಡಲು ಹೋದ ನಾನು ಯರಗಟ್ಟಿಯ ಸಂತೆಯಿಂದ ಎರಡು ಚೀಲ ಜೋಳ ತಂದು ಇಳಿಸಿಕೊಂಡೆ. ಓಣಿಯ ಹೆಂಗಸರು ಮನೆಯಲ್ಲಿ ಮದುವೆಯೇನು ಎಂದು ಕೇಳಿದರು. ಜೋಳ ಬಂದ ಮೇಲೆ ಹುಡುಗಿಯ ದುಡ್ಡೆಲ್ಲ ಐದು ವರ್ಷದ ಸರ್ಕಾರಿ ಬಾಂಡಿಗೆ ಹೋಯಿತು. ಫಾರ್ಮಿನಲ್ಲಿ ನನಗೇನಾದರೂ ಆದರೆ ದುಡ್ಡು ಯಾರ ಕೈಗೆ ಎಂಬ ಸಾಲು ಖಾಲಿ ಬಿಟ್ಟಿದ್ದೆ. ಕಾಕಾ ಅದನ್ನು ತುಂಬಿಸದೆ ಪೆನ್ನು ವಾಪಸು ತೆಗೆದುಕೊಳ್ಳಲಿಲ್ಲ. ಇದರಲ್ಲಿ ತಮಗೆ ಬರುವ ಕಮಿಷನ್ ಎಷ್ಟು ಎಂಬುದನ್ನೂ ತಾವಾಗಿಯೇ ಹೇಳಿದರು. ಅದನ್ನು ಕೇಳದೆ ಯಾರ ಬಳಿಯೂ ಏನನ್ನೂ ಕೊಳ್ಳಬೇಡಿ ಎಂದರು.

ಐದು ವರ್ಷ ಕಳೆದು ಬಾಂಡು ಕೈಗೆ ಬರುವ ಹೊತ್ತಿಗೆ ಊರಿನ ಹವೆಯೇ ಬದಲಾಗಿತ್ತು. ಷೇರುಪೇಟೆ ದಿನಾ ಏರುತ್ತಿತ್ತು. ಹಾಲು ಹಾಕುವವನೂ ಯೂನಿಟ್ಟು ಎನ್ನತೊಡಗಿದ್ದ. ಹೊಸ ಫಂಡು ಬಂದಿದೆ, ಯೂನಿಟ್ಟಿಗೆ ಹತ್ತೇ ರೂಪಾಯಿ, ಹಳೆಯದು ನಲವತ್ತಕ್ಕೆ ಹೋಗಿದೆ, ಸೋವಿಯಲ್ಲಿರುವಾಗಲೇ ಹಿಡಿಯಬೇಕು ಎಂದು ಸ್ಟಾಫ್ ರೂಮಿನಲ್ಲಿ ಒಂದೇ ಗದ್ದಲ. ಐದು ವರ್ಷ ಬಾಂಡಿನಲ್ಲಿ ಇಟ್ಟು ಹುಡುಗಿಗೆ ಮೋಸ ಮಾಡಿದೆನೇನೋ ಎಂದು ನನಗೆ ಅನಿಸತೊಡಗಿತು. ನನ್ನನ್ನು ಕಾಕಾ ಬಾಂಡಿನ ಗಿರಾಕಿ ಎಂದು ಬರೆದಿಟ್ಟಿದ್ದಾರೆ ಎಂಬ ಸಿಟ್ಟು ಬೇರೆ.

ಅಷ್ಟರಲ್ಲಿ ಬಾಕಿನ ಗುಟ್ಟು ಊರಿಗೆಲ್ಲ ಗೊತ್ತಾಗಿತ್ತು. ಜನ ಬಂದು ಬಾಕಿನ ಮೇಲೆ ಕೂತ ಕೂಡಲೇ ಕಣ್ಣು ಮುಚ್ಚುತ್ತಿದ್ದರು. ಕೆಲವರು ಗೊರಕೆಯನ್ನೂ ಹೊಡೆಯುತ್ತಿದ್ದರು. ಅಡತಿ ವ್ಯಾಪಾರಿಯೊಬ್ಬ ಮನೆಯಿಂದ ದಿಂಬು ತಂದಿದ್ದ. ನಾನೂ ಒಂದು ಭಾನುವಾರ ಮಧ್ಯಾಹ್ನ, ಹತ್ತು ವರ್ಷದ ಹುಡುಗಿಯನ್ನು ಕರೆದುಕೊಂಡು, ಹೊಟ್ಟೆ ತುಂಬ ಹೋಳಿಗೆ ಉಂಡು ಹೋದೆ. ಹೋಳಿಗೆ ಉಂಡರೆ ನಿದ್ದೆ ಬರುತ್ತದೆಂದು ನನ್ನ ಲೆಕ್ಕ.

ಬರಲಿಲ್ಲ. ಕಣ್ಣು ಮುಚ್ಚಿ, ತಲೆ ಗೋಡೆಗೆ ಒರಗಿಸಿ, ಉಸಿರನ್ನು ಎಣಿಸುತ್ತ ಕೂತೆ. ಮೂಗಿನ ಮೇಲೆ ನೊಣ ಬಂದು ಕೂತರೂ ಅಲುಗಲಿಲ್ಲ. ಅರ್ಧ ತಾಸು ಕಳೆದಿರಬೇಕು. ಕಿವಿಯ ಹತ್ತಿರ ಕಾಕಾನ ಧ್ವನಿ ಕೇಳಿಸಿತು.

"ಖರೇ ಮಲಗಿದವರ ಬಾಯಿ ತೆರೀತೈತ್ರಿ ಅಕ್ಕಾರ. ನೀವು ಹಲ್ಲು ಕಚ್ಚಗೊಂಡ ಮಲಗೀರಿ."

ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಹೇಳುವ ಟೀಚರ್ ನಾನು. ಮುಖ ಎಲ್ಲಿ ಇಟ್ಟುಕೊಳ್ಳಲಿ? ಕಣ್ಣು ತೆರೆದರೆ ಕಾಕಾ ನನ್ನನ್ನು ನೋಡುತ್ತಲೇ ಇರಲಿಲ್ಲ. ನನ್ನ ಪಕ್ಕಕ್ಕೆ ನೋಡುತ್ತಿದ್ದರು. ಹುಡುಗಿ ಕೌದಿಯ ಮೇಲೆ ಮುದುಡಿಕೊಂಡು, ಬಾಯಿ ತೆರೆದು, ಜೊಲ್ಲು ಸುರಿಸುತ್ತ ಗಾಢ ನಿದ್ದೆಯಲ್ಲಿದ್ದಳು. ಕಾಕಾ ಬೆರಳು ಜಗ್ಗುತ್ತ ಅವಳ ಕಡೆ ಬಾಗಿದರು.

"ರೊಕ್ಕ ಯಾರದ್ರಿ?" ಎಂದು ಕೇಳಿದರು.

ಹುಡುಗಿಯದು ಎಂದೆ.

"ಮತ್ತ ನಾ ಐದು ವರ್ಷದ ಹಿಂದ ನಿಮ್ಮನ್ನ ಯಾಕ ಕುಂದ್ರಿಸಿ ನೋಡಿದ್ನಿ? ನನ್ನ ತಪ್ಪು. ರೊಕ್ಕದ ಮಾಲಕರು ಇಲ್ಲಿ ಮಲಗ್ಯಾರ. ಇವರಿಗೆ ಇನ್ನ ಎಂಟು ವರ್ಷ ಏನೂ ಬ್ಯಾಡ."

ಹಾಗೆ ತೀರ್ಮಾನವಾಯಿತು. ಅರ್ಧ ದುಡ್ಡು ಮತ್ತೆ ಬಾಂಡಿಗೆ, ಅದು ನನ್ನ ಹಲ್ಲಿನ ಸಲುವಾಗಿ. ಅರ್ಧ ಷೇರಿನ ಫಂಡಿಗೆ, ಹುಡುಗಿಯ ನಿದ್ದೆಯ ಸಲುವಾಗಿ. ಆದರೆ ನನ್ನ ಹತ್ತು ರೂಪಾಯಿಯ ಹೊಸ ಫಂಡಿಗಲ್ಲ. ನಾನು ಬಿಡಲಿಲ್ಲ, ಸೋವಿ ಇರುವುದನ್ನು ಬಿಟ್ಟು ತುಟ್ಟಿಯದನ್ನು ಯಾಕೆ ಕೊಳ್ಳಬೇಕು ಎಂದು ವಾದಿಸಿದೆ. ಕಾಕಾ ಕಾಕಿಯನ್ನು ಕೂಗಿ ಗೋಕಾಕದ ಕರದಂಟಿನ ಡಬ್ಬಿ ತರಿಸಿದರು. ಒಂದೇ ತೂಕದ ಎರಡು ಕರದಂಟು ತೆಗೆದು, ಒಂದನ್ನು ಹಾಗೇ ಇಟ್ಟು, ಇನ್ನೊಂದನ್ನು ಚಾಕುವಿನಿಂದ ಹತ್ತು ತುಂಡು ಮಾಡಿದರು. ಚಾಕುವಿನ ಸಪ್ಪಳಕ್ಕೋ ತುಪ್ಪದ ವಾಸನೆಗೋ ಹುಡುಗಿ ಎದ್ದು ಕೂತಳು. ಯಾವುದು ಹೆಚ್ಚು ಎಂದು ಕಾಕಾ ಅವಳನ್ನೇ ಕೇಳಿದರು. ಎರಡೂ ಅಷ್ಟೇ ಇವೆ, ಆದರೆ ತುಂಡು ತಿನ್ನಲು ಚಲೋ ಎಂದು ಅವಳು ಎರಡು ತುಂಡು ಬಾಯಿಗೆ ಹಾಕಿಕೊಂಡಳು. ಹತ್ತನೇ ವಯಸ್ಸಿನ ಹುಡುಗಿಗೆ ತಿಳಿದದ್ದು ನಮ್ಮ ಸ್ಟಾಫ್ ರೂಮಿನ ಹದಿನಾಲ್ಕು ಮಂದಿ ಪದವೀಧರರಿಗೆ ತಿಳಿದಿರಲಿಲ್ಲ. ಯೂನಿಟ್ಟಿನ ಬೆಲೆ ತುಂಡಿನ ಗಾತ್ರ ಅಷ್ಟೇ. ನೋಡಬೇಕಾದ್ದು ಒಳಗಿನ ಸರಕು. ಹೊಸ ಹೋರಿ ಹೇಗೆ ಎಳೆಯುತ್ತದೆಂದು ಯಾರಿಗೂ ಗೊತ್ತಿಲ್ಲ, ಹಳೆಯದು ಸುಗ್ಗಿಯನ್ನೂ ಬರವನ್ನೂ ನೋಡಿದೆ ಎಂದು ಕಾಕಾ ಹಳೆಯ ಫಂಡಿನ ಫಾರ್ಮು ತೆಗೆದರು.

ಹಾಕಿದ ಕೆಲವೇ ತಿಂಗಳಿಗೆ ಪೇಟೆ ಬಿತ್ತು.

ಹೊಸ ಫಂಡಿಗೆ ಹಾಕಿದ್ದ ನನ್ನ ಸಹೋದ್ಯೋಗಿಗಳದು ನೆಲಕಚ್ಚಿತು. ನಮ್ಮ ಹಳೆಯದೂ ಇಳಿಯಿತು. ಇಳಿದು, ನಿಂತು, ಮತ್ತೆ ಇಳಿಯಿತು. ನಾನು ಪೇಪರ್ ತರಿಸುವುದನ್ನು ಶುರು ಮಾಡಿದ್ದೇ ತಪ್ಪಾಯಿತು. ಬೆಳಿಗ್ಗೆ ಸಣ್ಣ ಅಕ್ಷರದ ಆ ಪುಟ ನೋಡಿ, ತಂಗಿಯ ಫೋಟೋ ಇರುವ ಗೋಡೆಯ ಕಡೆ ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದೆ. ಒಂದು ದಿನ ತಡೆಯಲಾರದೆ ಕಾಕಾನ ಮನೆಗೆ ಹೋಗಿ, ಉಳಿದಿದ್ದಷ್ಟನ್ನು ತೆಗೆದುಬಿಡುತ್ತೇನೆ, ಫಾರ್ಮು ಕೊಡಿ ಎಂದೆ.

"ಫಾರ್ಮ್ ಖಾಲಿ ಆಗ್ಯಾವ್ರಿ ಅಕ್ಕಾರ," ಎಂದರು. "ಕುಂದರ್ರಿ, ಚಹಾ ಕುಡೀರಿ."

ಮುಂದಿನ ತಿಂಗಳು ಹೋದೆ. ಫಾರ್ಮು ಬಂದಿರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ದುಡ್ಡು ಹಾಕುವ ಫಾರ್ಮು ಕಿಟಕಿಯಲ್ಲಿ ಪೇರಿಸಿಟ್ಟಿರುತ್ತಿತ್ತು, ತೆಗೆಯುವ ಫಾರ್ಮು ಮಾತ್ರ ಬೆಳಗಾವಿಯಿಂದ ಬರುವ ದಾರಿಯಲ್ಲೇ ಇರುತ್ತಿತ್ತು. ಹೀಗೆ ಎರಡು ವರ್ಷ ನಾನು ಆ ಬಾಕಿನ ಮೇಲೆ ಕೂತು ಜಗಳ ತೆಗೆದೆ. ನನಗೆ ಬರುವ ಎಲ್ಲ ಗಾದೆಗಳನ್ನೂ ಅವರ ಮೇಲೆ ಪ್ರಯೋಗಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಎಂದೂ ಒಮ್ಮೆ ಅಂದೆ. ಅವರು ಅದಕ್ಕೂ ತಲೆ ಆಡಿಸಿ ಬೆರಳು ಜಗ್ಗುತ್ತಿದ್ದರು. ಚಹಾ ಮಾತ್ರ ಅರ್ಧ ಕಪ್ಪೇ. ಆ ವಿಷಯದಲ್ಲಿ ಕಾಕಾ ಬಲು ಬಿಗಿ.

ನಾನೇ ಬೆಳಗಾವಿಗೆ ಬಸ್ ಹತ್ತಿ ಫಂಡಿನ ಕಚೇರಿಗೆ ಹೋಗಬಹುದಿತ್ತು. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು ಕಳಿಸಬಹುದಿತ್ತು. ಮಕ್ಕಳಿಗೆ ಅರ್ಜಿ ಬರೆಯುವುದನ್ನು ಕಲಿಸುವವಳೇ ನಾನು. ಯಾಕೆ ಮಾಡಲಿಲ್ಲ ಎಂದು ಈಗ ಯೋಚಿಸಿದರೆ ಒಂದೇ ಉತ್ತರ. ನನ್ನನ್ನು ಯಾರಾದರೂ ತಡೆಯಲಿ ಎಂದು ಬಯಸಿಯೇ ಆ ಮನೆಗೆ ಹೋಗುತ್ತಿದ್ದೆ.

ಒಂದು ದಿನ ನಾನು ಹಾಗೆ ಕೂತಿರುವಾಗ ಕಿತ್ತೂರಿನ ಡ್ರೈವರ್ ಸಾಹೇಬರು ಬಂದರು. ಅವರ ಹೆಂಡತಿಗೆ ಬೆಳಗಾವಿಯ ದವಾಖಾನೆಯಲ್ಲಿ ಆಪರೇಷನ್, ಮರುದಿನವೇ ದುಡ್ಡು ಕಟ್ಟಬೇಕು. ಕಾಕಾ ನನ್ನ ಕಡೆ ತಿರುಗಿ, ಒಳಗೆ ಹೋಗಿ ಕಾಕಿಗೆ ಚಹಾ ಮಾಡಲು ಹೇಳುತ್ತೀರಾ ಎಂದರು. ಹೇಳಿ ಬರುವಷ್ಟರಲ್ಲಿ ಸಾಹೇಬರ ಕೈಯಲ್ಲಿ ತುಂಬಿದ ಫಾರ್ಮು ಇತ್ತು. ತೆಗೆಯುವ ಫಾರ್ಮು. ದುಡ್ಡು ಬರಲು ನಾಲ್ಕು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಎಂದು ಕಾಕಾ ತಮ್ಮ ಕಪಾಟಿನಿಂದ ನೋಟಿನ ಕಟ್ಟೊಂದನ್ನು ತೆಗೆದು ಅವರಿಗೆ ಕೊಟ್ಟು ಕಳಿಸಿದರು. ಸಾಹೇಬರು ಓಣಿ ದಾಟುವುದನ್ನೇ ಕಾದಿದ್ದು ನಾನು ಸೊಂಟದ ಮೇಲೆ ಕೈ ಇಟ್ಟೆ. ಈಗ ತಾನೆ ಖಾಲಿ ಎಂದಿರಲ್ಲ?

ಅವರಿಗೆ ನಾಚಿಕೆಯೂ ಆಗಲಿಲ್ಲ.

"ಹೆದರಿಕಿಗೆ ಫಾರ್ಮ್ ಇಲ್ರಿ ಅಕ್ಕಾರ," ಎಂದರು. "ದವಾಖಾನಿಗೆ ಐತಿ. ಸಾಲಿಗೆ ಐತಿ. ಹುಡುಗಿ ಸಾಲಿ ಫೀ ಬಂದ ದಿನಾ ಬರ್ರಿ, ಇಲ್ಲೇ ಇರತೈತಿ."

ಸಿಟ್ಟಿನಿಂದ ಚಹಾ ಕುಡಿಯದೆ ಎದ್ದು ಬಂದೆ. ಹದಿನೈದು ದಿನ ಆ ಓಣಿಯಲ್ಲಿ ತಲೆ ತಗ್ಗಿಸಿ ನಡೆದೆ. ಆಮೇಲೆ ಪೇಪರ್ ನಿಲ್ಲಿಸಿದೆ. ಹುಡುಗಿ ಎಂಟನೆಯ ಇಯತ್ತೆಗೆ ಬಂದಳು, ಹತ್ತನೆಯದು ಪಾಸಾದಳು, ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದಳು. ನಾನು ನೋಡುವುದನ್ನು ಬಿಟ್ಟ ಮೇಲೆ ಪೇಟೆ ಏರಲು ಶುರುವಾಯಿತು. ನಾನು ನೋಡದಿದ್ದುದಕ್ಕೇ ಏರಿತು ಎಂದು ನಂಬುವವಳು ನಾನು, ಬೇಕಾದರೆ ನಗಿರಿ.

ಬೆಳಗಾವಿಯಲ್ಲಿ ಬಿ.ಎಸ್ಸಿ. ನರ್ಸಿಂಗಿಗೆ ಸೀಟು ಸಿಕ್ಕಿತು. ಫೀ ಕಟ್ಟುವ ಚೀಟಿ ಹಿಡಿದು ನಾವಿಬ್ಬರೂ ಕಾಕಾನ ಮನೆಗೆ ಹೋದೆವು. ಅವರಿಗಾಗಲೇ ಎಂಬತ್ತರ ಸಮೀಪ. ಕಣ್ಣಿಗೆ ಪೊರೆ ಬಂದಿತ್ತು, ಬೆರಳು ಮಾತ್ರ ನಿಂತಿರಲಿಲ್ಲ. ನಾನು ರೂಢಿಯಂತೆ ಬಾಕಿನ ಮೇಲೆ ಕೂತೆ. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು, ಎರಡು ಹೆಬ್ಬೆರಳಲ್ಲಿ ಮೆಲ್ಲಗೆ ಜಗ್ಗಿದರು. ಹರಿಯಲಿಲ್ಲ.

"ಇಷ್ಟು ವರ್ಷ ನೀವು ಏಳತಿದ್ರಿ, ನಾ ಕುಂದ್ರಸ್ತಿದ್ದೆ," ಎಂದರು. "ಇ‌ವತ್ತ ನಾ ಹೇಳತೇನಿ. ಏಳ್ರಿ ಅಕ್ಕಾರ."

ಎದ್ದೆ. ಕಾಕಾ ಕೌದಿ ಸರಿಸಿ ಬಾಕಿನ ಹಲಗೆಯನ್ನು ಮೇಲೆತ್ತಿದರು. ಅದು ಮುಚ್ಚಳ. ಕೆಳಗೆ ಉದ್ದಕ್ಕೂ ಪೆಟ್ಟಿಗೆ. ಪೆಟ್ಟಿಗೆಯ ತುಂಬ, ಹುಳ ಹತ್ತದ ಹಾಗೆ ಅರಿಸಿನದ ಕೊಂಬು ಇಟ್ಟು ಕಟ್ಟಿದ, ತೆಗೆಯುವ ಫಾರ್ಮುಗಳ ಕಟ್ಟುಗಳು. ಎರಡು ವರ್ಷ ನಾನು ಫಾರ್ಮಿನ ಸಲುವಾಗಿ ಜಗಳ ತೆಗೆದದ್ದು ಫಾರ್ಮುಗಳ ಮೇಲೆಯೇ ಕೂತು. ಹುಡುಗಿ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಬಿದ್ದದ್ದೆಲ್ಲ ಎದ್ದು, ಹಾಕಿದ್ದರ ಎಷ್ಟೋ ಪಟ್ಟಾಗಿತ್ತು ಫಂಡಿಗೆ ಹೋಗಿದ್ದ ಆ ಅರ್ಧ.

ಆದರೆ ನಾನು ನಾನೇ ಅಲ್ಲವೇ? ಪೇಟೆ ಇನ್ನೂ ಏರುತ್ತಿದೆ, ಈ ವರ್ಷದ ಫೀ ಅಷ್ಟೇ ತೆಗೆಯೋಣ, ಉಳಿದದ್ದು ಬೆಳೆಯಲಿ ಎಂದೆ. ಕಾಕಾ ಕೇಳಲಿಲ್ಲ. ನಾಲ್ಕು ವರ್ಷದ ಫೀ, ಹಾಸ್ಟೆಲ್ಲು, ಪುಸ್ತಕ ಎಲ್ಲ ಲೆಕ್ಕ ಹಾಕಿ ಇವತ್ತೇ ತೆಗೆದು ಬ್ಯಾಂಕಿನಲ್ಲಿ ಇಡಿ, ಊರು ಕಂಡ ಮೇಲೆ ಗಾಡಿ ಓಡಿಸಬಾರದು ಎಂದರು. ನಾನು ಗೊಣಗುತ್ತಲೇ ಇದ್ದೆ. ಹದಿನೆಂಟು ತುಂಬಿದ ಹುಡುಗಿಯ ಕೈಗೆ ಪೆನ್ನು ಕೊಟ್ಟು, ಮಾಲಕರು ಸಹಿ ಮಾಡಲಿ, ನೀವು ಸುಮ್ಮನಿರಿ ಎಂದುಬಿಟ್ಟರು. ಅವಳು ತನ್ನ ಹೆಸರನ್ನು ದುಂಡಗೆ ಬರೆದಳು.

ಮರುವರ್ಷ ಕಾಕಾ ಹೋದರು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ ಬಳಿದಿದ್ದರು. ನಾನು ಮುಖ ನೋಡಲಿಲ್ಲ, ಕೈ ನೋಡಿದೆ. ಹೆಬ್ಬೆರಳುಗಳು ಸುಮ್ಮನಿದ್ದವು. ಆಗ ನನಗೆ ಅಳು ತಡೆಯಲಾಗಲಿಲ್ಲ. ಕಿತ್ತೂರಿನ ಸಾಹೇಬರು ಹೆಂಡತಿಯೊಂದಿಗೆ ಬಂದು ಅಂಗಳದಲ್ಲಿ ನಿಂತಿದ್ದರು. ಟಾನಿಕ್ ಕುಡಿದು ಗಟ್ಟಿಯಾಗಿದ್ದ ಟೇಲರ್ ಹೆಗಲು ಕೊಟ್ಟ.

ಹನ್ನೊಂದು ದಿನ ಕಳೆದ ಮೇಲೆ ಕಾಕಿ ನನ್ನನ್ನು ಕರೆಸಿದರು. ಕಾಕಾನ ಕಾಗದಗಳನ್ನು ಓದಿ ಹೇಳಬೇಕಿತ್ತು. ಒಂದೊಂದೇ ತೆಗೆದೆ. ಅಂಚೆ ಕಚೇರಿ, ಅಂಚೆ ಕಚೇರಿ, ಬಾಂಡು, ಮತ್ತೆ ಅಂಚೆ ಕಚೇರಿ. ಎಲ್ಲದರಲ್ಲೂ ಕಾಕಿಯ ಹೆಸರು ಸರಿಯಾಗಿ ಬರೆದಿತ್ತು. ಮ್ಯೂಚುವಲ್ ಫಂಡಿನ ಒಂದು ಚೂರು ಕಾಗದವೂ ಇರಲಿಲ್ಲ. ಇನ್ನೊಂದು ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದೆ.

"ಇಲ್ಲವ್ವಾ," ಎಂದರು ಕಾಕಿ. "ಅವರಿಗೆ ಎಲ್ಲಿ ಕುಂದ್ರಾಕ ಆಕ್ಕಿತ್ತು? ಒಂದ ಸಲ ತಾವ ಬಾಕಿನ ಮ್ಯಾಲ ಕುಂತ ನೋಡಿದ್ರು. ನಾ ಪರದೆ ಹಿಂದ ನಿಂತಿದ್ನಿ. ಐದು ನಿಮಿಷಕ್ಕ ಆರ ಸಲ ಎದ್ರು."

ನನಗಿಂತ ಎರಡು ಸಲ ಹೆಚ್ಚು. ಆ ಬೆರಳುಗಳು ಯಾಕೆ ನಿಲ್ಲುತ್ತಿರಲಿಲ್ಲ ಎಂದು ಅಂದು ಅರ್ಥವಾಯಿತು. ಪೇಟೆ ಬಿದ್ದ ಆ ಎರಡು ವರ್ಷ ನಾನು ಬಾಕಿನ ಮೇಲೆ ಬೈಯುತ್ತ ಕೂತಾಗ, ನನ್ನಷ್ಟೇ ಹೆದರಿದವರೊಬ್ಬರು ಎದುರಿಗೆ ಕೂತು, ನನ್ನ ಹುಡುಗಿಯ ದುಡ್ಡನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ತಮ್ಮ ಹೆದರಿಕೆಯನ್ನು ನನಗೆ ಒಂದು ದಿನವೂ ತೋರಿಸಲಿಲ್ಲ.

ಬಾಕನ್ನು ಕಾಕಿ ನನಗೇ ಕೊಟ್ಟರು. ಅದರ ಮೇಲೆ ನನ್ನಷ್ಟು ಕೂತವರು ಯಾರೂ ಇಲ್ಲವಂತೆ. ಟೇಲರ್ ಮತ್ತು ಡ್ರಿಲ್ ಮಾಸ್ತರರು ಹೊತ್ತು ತಂದು ನನ್ನ ಪಡಸಾಲೆಯಲ್ಲಿ ಇಟ್ಟರು. ಇಟ್ಟ ಮೇಲೆ ಮಾಸ್ತರರು ಮರವನ್ನು ಸವರಿ, ಇದು ಖರೇ ಸಾಗವಾನಿ ಎಂದರು.

ಅದೇ ವರ್ಷ ಪೇಟೆ ಹಿಂದೆಂದೂ ಕಾಣದ ಹಾಗೆ ಬಿತ್ತು. ಹುಡುಗಿಯ ನಾಲ್ಕು ವರ್ಷದ ಫೀ ಬ್ಯಾಂಕಿನಲ್ಲಿ ಇತ್ತು, ಒಂದು ರೂಪಾಯಿಯೂ ಅಲುಗಲಿಲ್ಲ. ಫಂಡಿನಲ್ಲಿ ಉಳಿದಿದ್ದದ್ದು ಇಳಿಯುತ್ತಿತ್ತು. ಅದು ಟೀವಿಯಲ್ಲಿ ದಿನವಿಡೀ ಬರುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ, ಹುಡುಗಿ ಹಾಸ್ಟೆಲ್ಲಿನಿಂದ ಬಂದ ದಿನ, ಅವಳು ಚಹಾಕ್ಕೆ ಇಡುತ್ತೇನೆಂದು ಒಳಗೆ ಹೋದಳು. ನಾನು ಬಾಕಿನ ಮೇಲೆ ಕೂತೆ. ಕೆಳಗೆ ಕಾಕಾನ ಫಾರ್ಮುಗಳು ಹಾಗೆಯೇ ಇದ್ದವು. ಬೇಕಾದರೆ ಎದ್ದು, ಹಲಗೆ ಎತ್ತಿ, ಒಂದನ್ನು ತುಂಬಿಸಬಹುದಿತ್ತು.

ಚಹಾ ತಂದು ಎಷ್ಟು ಕೂಗಿದರೂ ನಾನು ಏಳಲಿಲ್ಲವಂತೆ. ಹತ್ತಿರ ಬಂದು ನೋಡಿದಳಂತೆ. ನನ್ನ ಬಾಯಿ ತೆರೆದಿತ್ತಂತೆ.